ಪಾದದ ಕಚೇರಿ

ಕುಂಬಾರ ನೀಲಗಂಗವ್ವನನ್ನು ಪರದೇಶಿ ಎಂದು ಬರೆದರು. ಎಪ್ಪತ್ತೊಂಬತ್ತು ವರ್ಷ ಆ ಒಂದೇ ಊರಿನ ಮಣ್ಣು ತುಳಿದವಳು ಅವಳು. ಅವಳ ಹೆಸರಿನ ಮುಂದೆ ಮೊಹರು ಒತ್ತಿದವಳು ನಾನು.

ನಮ್ಮೂರಿನ ಮಣ್ಣು ಕಾಲು ಹಿಡಿಯುತ್ತಿತ್ತು. ಊರಿನವರು ಬೆಳಿಗ್ಗೆ ಅಂಗಳಕ್ಕೆ ಇಳಿದರೆ ಅಂಗಾಲಿನಿಂದ ಹಿಮ್ಮಡಿಯವರೆಗೆ ಕೆಂಪು ಹತ್ತಿಕೊಳ್ಳುತ್ತಿತ್ತು. ಕಲ್ಲಿಗೆ ಉಜ್ಜಿದರೂ ಹೋಗುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ತಾನಾಗಿಯೇ ಉದುರುತ್ತಿತ್ತು. ಹೊರಗಿನವರ ಕಾಲಿಗೆ ಮೆತ್ತಿದ್ದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಕ್ಕಳೆಯೆದ್ದು ಬಿದ್ದುಬಿಡುತ್ತಿತ್ತು. ಇದರಲ್ಲಿ ನಮಗೆ ವಿಶೇಷವೇನೂ ಕಂಡಿರಲಿಲ್ಲ. ಊರಿನಲ್ಲಿ ಚಪ್ಪಲಿ ಅಂಗಡಿ ಇರಲಿಲ್ಲ. ಮನೆಯೊಳಗೆಲ್ಲ ಕೆಂಪು ಹೆಜ್ಜೆಗಳಿರುತ್ತಿದ್ದವು. ಬೆಲ್ಲದ ಡಬ್ಬಿಯ ತನಕ ಯಾರ ಹೆಜ್ಜೆ ಹೋಗಿದೆ ಎಂದು ನೋಡಿಯೇ ಅತ್ತೆಯರು ಜಗಳ ತೆಗೆಯುತ್ತಿದ್ದರು. ನೆಲದ ಮೇಲೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅಷ್ಟೇ.

ಸೊಸೆಯಾಗಿ ಬಂದವರ ಮಾತು ಬೇರೆ. ಅವರಿಗೆ ಮಣ್ಣು ಮೊದಲ ದಿನವೇ ಹಿಡಿಯುತ್ತಿರಲಿಲ್ಲ. ಅವರು ನೀಲಗಂಗವ್ವನ ಹಿತ್ತಲಿಗೆ ಹೋಗಿ, ಗಡಿಗೆ ಮಾಡುವ ಮಣ್ಣನ್ನು ನೆನೆಹಾಕಿದ ಗುಂಡಿಗೆ ಇಳಿದು, ಸೀರೆ ಮೊಳಕಾಲಿಗೆ ಸಿಕ್ಕಿಸಿಕೊಂಡು ತುಳಿಯಬೇಕು. ಅವಳು ದಿನವೂ ಕಾಲನ್ನು ಮಡಿಲಲ್ಲಿಟ್ಟುಕೊಂಡು ನೋಡುವಳು. ಹಿಡಿದ ದಿನ ಓಣಿಗೆಲ್ಲ ಕೇಳುವ ಹಾಗೆ "ಹಿಡೀತೂ" ಎಂದು ಮೂರು ಸಲ ಕೂಗುವಳು. ಅಲ್ಲಿಯವರೆಗೆ 'ಬಂದಾಕಿ' ಎನಿಸಿಕೊಂಡಿದ್ದವಳಿಗೆ ಆಮೇಲೆ ಹೆಸರು ಬರುತ್ತಿತ್ತು. ಕೆಲವರಿಗೆ ಮೂರು ದಿನ ಸಾಕಾಗುತ್ತಿತ್ತು. ನಾನು ಕಪ್ಪು ಮಣ್ಣಿನ ಸೀಮೆಯಿಂದ ಬಂದವಳು, ನನಗೆ ಹನ್ನೊಂದು ದಿನ ಬೇಕಾಯಿತು. ಹನ್ನೊಂದನೆಯ ದಿನ ನೀಲಗಂಗವ್ವ ಆಯಿ ಕೂಗಿದಾಗ ನಾನು ಬಾಳವ್ವನಾದೆ.

ಇನ್ನೊಂದು ಪದ್ಧತಿಯೂ ಇತ್ತು. ಊರು ಬಿಟ್ಟು ಹೊರಡುವ ಅತಿಥಿಗೆ, ಮತ್ತೆ ಬರಲಿ ಎಂದು, ಒಂದು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಕೊಡುವುದು. ಮೂವತ್ತು ವರ್ಷದ ಹಿಂದೆ ನಕ್ಷೆ ಬರೆಯುತ್ತೇವೆಂದು ಮೂವರು ಬಂದರು. ಒಂಬತ್ತು ದಿನ ನೀಲಗಂಗವ್ವನ ಕಟ್ಟೆಯ ಮೇಲೆ ಕೂತು ನವಣೆ ಅನ್ನ ಉಂಡರು. ಹೊರಡುವಾಗ ಅವಳೇ ತನ್ನ ಸೆರಗಿನ ತುದಿ ಹರಿದು ಮಣ್ಣು ಕಟ್ಟಿ ಕೊಟ್ಟಳು. ಅವರು ಅದನ್ನು ಗಾಜಿನ ಕೊಳವೆಗೆ ಸುರಿದು ನೋಡಿದರು. ಬರಲಿ ಎಂದು ಕೊಟ್ಟದ್ದಲ್ಲವೆ, ಬಂದರು. ಯಂತ್ರಗಳ ಸಮೇತ ಬಂದರು. ಅಂಥ ತಪ್ಪು ಮಾಡಲು ನಮ್ಮೂರಿನವರೇ ಆಗಬೇಕು.

ಅವರ ಕಂಪನಿ ನಮ್ಮೂರಿನ ಕೆಂಪು ಗುಡ್ಡವನ್ನು ಕಡಿಯಿತು. ಗುಡ್ಡದಿಂದ ಬಂದರಿನವರೆಗೆ ಹಾಸಿದ ರಬ್ಬರಿನ ಪಟ್ಟೆಯ ಮೇಲೆ ಹಗಲು ರಾತ್ರಿ ಮಣ್ಣು ಹರಿಯಿತು. ಅದರ ಕರಾರು ರಾಜಧಾನಿಯಲ್ಲಿ ಆಗಿತ್ತು, ನಾವು ಅದನ್ನು ಓದಿರಲಿಲ್ಲ. ಪಟ್ಟೆಗೆ ಸಿಕ್ಕಿ ಇಬ್ಬರು ಸತ್ತಾಗ ನಮ್ಮ ಪೊಲೀಸರು ಕಂಪನಿಯ ಬೇಲಿಯ ತನಕ ಹೋಗಿ, ಟೋಪಿ ತೆಗೆದು, ಬೆವರು ಒರೆಸಿಕೊಂಡು ತಿರುಗಿ ಬಂದರು. ಬೇಲಿಯ ಒಳಗೆ ನಮ್ಮ ಕಾನೂನು ನಡೆಯುವುದಿಲ್ಲವಂತೆ. ಆ ಸಾವಿನ ಖಟ್ಲೆ ನಡೆಯಬೇಕಾದದ್ದು ಮೂರನೆಯದೊಂದು ದೇಶದಲ್ಲಂತೆ. ಆ ದೇಶದ ಹೆಸರು ಸತ್ತವರ ಹೆಂಡಂದಿರ ಬಾಯಲ್ಲಿ ಹೊರಳಲಿಲ್ಲ.

ಒಮ್ಮೆ ಮಂತ್ರಿಗಳು ಬಂದರು. ಬೇಲಿಯ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತು, ಕೊರಳಿಗೆ ಚೀಟಿ ಕಟ್ಟಿಸಿಕೊಂಡು, ಕಂಪನಿ ಕೊಟ್ಟ ಬೂಟು ಹಾಕಿಕೊಂಡು ಒಳಗೆ ಹೋದರು. ಹೊರಗೆ ಬಂದವರೇ ಚಾವಡಿಯ ಮುಂದಿನ ವೇದಿಕೆ ಹತ್ತಿ ಮುಷ್ಟಿ ಎತ್ತಿದರು: "ಈ ತಾಯಿನೆಲದ ಒಂದು ಕಣವನ್ನೂ ಪರಕೀಯರಿಗೆ ಬಿಟ್ಟುಕೊಡುವುದಿಲ್ಲ!" ಅವರ ಬೆನ್ನ ಹಿಂದೆ ಪಟ್ಟೆ ಗಡಗಡ ಓಡುತ್ತಿತ್ತು. ಚಹಾದಂಗಡಿಯ ಲಾಲಸಾಬ ಗುಂಪಿನಿಂದ ಎದ್ದು ನಿಂತು ಕೈಮುಗಿದ. "ಸಾಹೇಬ್ರ, ಇನ್ನೊಂಚೂರು ಜೋರಾಗಿ ಹೇಳ್ರಿ. ಪಟ್ಟೆ ಸಪ್ಪಳದಾಗ ಕೇಳವಲ್ದು." ಅವತ್ತು ನಕ್ಕವರ ಹೆಸರನ್ನೆಲ್ಲ ಯಾರೋ ಬರೆದುಕೊಂಡರು.

ನಮ್ಮನ್ನು ಕಾಯುವ ಕಾನೂನು ಆಮೇಲೆ ಬಂತು. ಮಣ್ಣು ಹಿಡಿದವರೇ ಈ ದೇಶದವರು, ಅವರಿಗೆ ಮಾತ್ರ ಇಲ್ಲಿ ನೆಲ. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನಾವೇ ಚಪ್ಪಾಳೆ ಹೊಡೆದೆವು. ಚಾವಡಿಗೆ ಸುಣ್ಣ ಬಳಿದು ಪಾದದ ಕಚೇರಿ ಮಾಡಿದರು. ನಡುವೆ ಒಬ್ಬರು ಇಳಿದು ನಿಲ್ಲುವಂಥ ಕಲ್ಲಿನ ತೊಟ್ಟಿ, ಮರಿಗೆ, ಇಟ್ಟರು. ಗಂಡ ಸತ್ತು ಕೂತಿದ್ದ ನನಗೆ ಅಲ್ಲಿ ಕೆಲಸ ಸಿಕ್ಕಿತು. ಮರಿಗೆಯ ಮಣ್ಣು ಕಲಸುವುದು, ಇಳಿದವರ ಕಾಲು ನೋಡುವುದು, 'ಹಿಡೀತು' ಅಥವಾ 'ಬಿಡ್ತು' ಎಂದು ಮೂರು ಸಲ ಕೂಗುವುದು, ಹೆಸರಿನ ಮುಂದೆ ಮೊಹರು ಒತ್ತುವುದು. ಕೂಗು ನೇಮಕವಾದವಳ ಬಾಯಿಂದಲೇ ಬರಬೇಕು, ಮೂರೂ ಸಲ ಬರಬೇಕು. ಒಂದು ಕಡಿಮೆಯಾದರೂ ಕಾಗದ ನಿಲ್ಲುವುದಿಲ್ಲ. ನೀಲಗಂಗವ್ವನ ಹಿತ್ತಲಿನ ಪದ್ಧತಿಯನ್ನೇ ಎತ್ತಿಕೊಂಡು ಹೋಗಿ ಕಾನೂನಿನಲ್ಲಿ ಬರೆದಿದ್ದರು. ಅವಳನ್ನು ಮಾತ್ರ ಕೇಳಿರಲಿಲ್ಲ.

ಮೊದಮೊದಲು ಮರಿಗೆಗೆ ಅವಳ ಗುಂಡಿಯ ಮಣ್ಣನ್ನೇ ತರುತ್ತಿದ್ದೆವು. ಎಲ್ಲರಿಗೂ ಹಿಡಿಯುತ್ತಿತ್ತು. ಕಚೇರಿಯ ಅಂಬಾದಾಸ ಸಾಹೇಬರು ಆಕಳಿಸಿ ಆಕಳಿಸಿ ಸಹಿ ಹಾಕುತ್ತಿದ್ದರು. ಹೋದ ವರ್ಷ ಹೊಸ ಆದೇಶ ಬಂತು. ಊರಿಗೊಂದು ಮಣ್ಣು ಬಳಸುವುದು ದೇಶದ ಏಕತೆಗೆ ಧಕ್ಕೆ, ಇನ್ನು ಮುಂದೆ ಎಲ್ಲ ಕಡೆ ಒಂದೇ ಮಣ್ಣು. ಅದು ಪ್ಯಾಕೆಟ್ಟಿನಲ್ಲಿ ಬಂತು. ಮೇಲೆ ಬಾವುಟದ ಚಿತ್ರವಿತ್ತು, ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಸಮುದ್ರದಾಚೆಯ ಒಂದು ಬಂದರಿನ ಹೆಸರಿತ್ತು. ಒಡೆದು ಮೂಸಿದೆ. ನೀರು ಹಾಕಿದರೂ ವಾಸನೆ ಏಳಲಿಲ್ಲ.

ಮೊದಲ ದಿನ ಹತ್ತೊಂಬತ್ತು ಜನ ಇಳಿದರು, ಹದಿನಾಲ್ಕು ಜನರಿಗೆ ಬಿಟ್ಟಿತು. ಲಾಲಸಾಬನ ಕಾಲು ಊರಿನಲ್ಲೇ ಹೆಸರಾದ ಕಾಲು, ಅವನಿಗೆ ಹಿಡಿದಷ್ಟು ದಪ್ಪವಾಗಿ ಮಣ್ಣು ಇನ್ನಾರಿಗೂ ಹಿಡಿದದ್ದಿಲ್ಲ. ಅವನಿಗೂ ಬಿಟ್ಟಿತು. "ಏನವ್ವಾ ಬಾಳವ್ವ, ನಮ್ಮಪ್ಪನ ಗೋರಿ ಇಲ್ಲೇ ಐತಿ. ನನ್ನ ಗೋರಿಗಿ ಮಣ್ಣು ಪ್ಯಾಕೆಟ್ಟಿನ್ಯಾಗ ಬರತೈತೇನು?" ಎಂದ. ನಕ್ಕೇ ಅಂದ. ನಾನು ಮೂರು ಸಲ ಕೂಗಿದೆ.

ಜನ ಹೊಂದಿಕೊಂಡರು. ಜನ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ? ಪರೀಕ್ಷೆಯ ಹಿಂದಿನ ದಿನ ಅಂಗಾಲಿಗೆ ಹರಳೆಣ್ಣೆ ತಿಕ್ಕಿದರು, ಜಾಲಿಯ ಅಂಟು ಸವರಿಕೊಂಡರು, ಬೆಲ್ಲದ ಪಾಕ ಹಚ್ಚಿಕೊಂಡು ಬಂದು ಇರುವೆ ಕಚ್ಚಿಸಿಕೊಂಡರು. ಊರಿಗೆ ಮೊದಲ ಚಪ್ಪಲಿ ಅಂಗಡಿ ಬಂತು, ಯಾರ ಕಾಲು ಹೇಗಿದೆ ಎಂದು ಯಾರೂ ನೋಡಬಾರದಲ್ಲ. ಅತ್ತೆಯರು ಸೊಸೆಯರ ಹೆಜ್ಜೆ ನೋಡುವುದನ್ನು ಬಿಟ್ಟರು. ಬಿಟ್ಟಿತೆಂದು ಬರೆಸಿಕೊಂಡವರ ಕೊರಳಿಗೆ ಬಿಲ್ಲೆ ಹಾಕಿದರು. ಹಗಲು ತಿರುಗಾಡಬಹುದು, ಹೊತ್ತು ಮುಳುಗುವುದರೊಳಗೆ ಬೇಲಿಯ ಪಕ್ಕದ ತಗಡಿನ ಸಾಲುಗಳಿಗೆ ಹೋಗಿ ಸೇರಬೇಕು. ಆ ತಗಡುಗಳಿಗೆ 'ಅತಿಥಿಗೃಹ' ಎಂದು ಬೋರ್ಡು ಬರೆಸಿದ್ದರು. ಅವರ ನೆಲ ಸರಕಾರಕ್ಕೆ ಹೋಗುತ್ತಿತ್ತು. ಸರಕಾರದಿಂದ ಎಲ್ಲಿಗೆ ಹೋಗುತ್ತಿತ್ತೆಂದು ತಿಳಿಯಲು ಪಟ್ಟೆಯ ಕಡೆ ಕಿವಿ ಕೊಟ್ಟರೆ ಸಾಕಿತ್ತು.

ಹೀಗೆ ಕಡಿಯುತ್ತ ಕಡಿಯುತ್ತ ಕಡೆಗೆ ಊರಿನಲ್ಲಿ ಉಳಿದ ಹಸಿ ನೆಲವೆಂದರೆ ನೀಲಗಂಗವ್ವನ ಹಿತ್ತಲು, ಅವಳ ಗುಂಡಿ. ಅವಳ ಸರದಿ ಸೋಮವಾರ ಬಂತು. ಅವಳು ಎಣ್ಣೆ ಹಚ್ಚಿರಲಿಲ್ಲ, ಅಂಟು ಹಚ್ಚಿರಲಿಲ್ಲ. ಮರಿಗೆಗೆ ಇಳಿದು ಮೇಲೆ ಬಂದಳು. ಎರಡನೆಯ ಕಾಲು ಎತ್ತುವುದರೊಳಗೆ ಮೊದಲ ಕಾಲಿನದು ಪೂರ್ತಿ ಉದುರಿತು. ನಾನು ಅವಳ ಮುಖ ನೋಡದೆ ಕೂಗಿದೆ, ಮೂರು ಸಲ. ಮೊಹರು ಒತ್ತಿದೆ. ಅವಳು ಸೆರಗಿನಿಂದ ಕಾಲು ಒರೆಸಿಕೊಳ್ಳುತ್ತ, "ದನಿ ಚೊಲೋ ಐತಿ ನಿಂದು," ಅಂದಳು.

ಹದಿನೈದು ದಿನದೊಳಗೆ ಇನ್ನೊಂದು ಸಲ ಇಳಿಯುವ ಅವಕಾಶ ಕಾನೂನಿನಲ್ಲಿತ್ತು. ಆ ಎರಡನೆಯ ಸಲದ ಕೂಗು ಕಡೆಯದು. ಅದಾದ ಮೇಲೆ ಗುಂಡಿ ಅವಳದಲ್ಲ. ಅರ್ಜಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಬರೋಣವೆಂದು ನಾನು ಮಧ್ಯಾಹ್ನದ ಬಿಸಿಲಿನಲ್ಲಿ ತಗಡಿನ ಸಾಲಿಗೆ ಹೋದೆ. ಸಜ್ಜೆ ರೊಟ್ಟಿ ಒಯ್ದಿದ್ದೆ. ಅವಳು ತಗಡಿನ ನೆರಳಲ್ಲಿ ಕೂತು ಅಂಗಾಲಿನ ಬಿರುಕುಗಳನ್ನು ಬೆರಳಿನಿಂದ ತಡವುತ್ತಿದ್ದಳು.

"ಆಯಿ, ಹೊಟ್ಟಿಗಿ ಹಾಕ್ಕೋ," ಅಂದೆ.

"ರೊಟ್ಟಿನೋ, ತಪ್ಪನೋ?"

ಅವಳು ರೊಟ್ಟಿ ಮುರಿದಳು. ಹಲ್ಲಿಲ್ಲದ ಬಾಯಿ ಬಹಳ ಹೊತ್ತು ಆಡಿಸಿದಳು. ಆಮೇಲೆ, "ನಿನಗ ಎಷ್ಟನೇ ದಿನಕ್ಕ ಹಿಡೀತು, ನೆನಪೈತೇನು?" ಎಂದು ಕೇಳಿದಳು.

"ಹನ್ನೊಂದಕ್ಕ."

"ಹನ್ನೊಂದಕ್ಕೂ ಹಿಡಿದಿದ್ದಿಲ್ಲ ಹುಚ್ಚಿ. ಹಕ್ಕಳಿ ಎದ್ದು ನನ್ನ ಮಡಲಾಗ ಉದರಾಕ್ಹತ್ತಿತ್ತು. ನಿನ್ನ ಕಾಲು ಬಾತಿದ್ವು, ಅಳೂಕಿ ನೀನು. ಇನ್ನೆಷ್ಟು ದಿನ ತುಳಸಲಿ ಅಂತ ಕೂಗಿಬಿಟ್ಟೆ."

ಸುತ್ತ ನೋಡಿದೆ. ಬಿಲ್ಲೆ ಹಾಕಿಕೊಂಡ ಹೆಂಗಸರಿಬ್ಬರು ದೂರದಲ್ಲಿ ಪಾತ್ರೆ ತಿಕ್ಕುತ್ತಿದ್ದರು. ನನ್ನ ಕಾಗದ, ನನ್ನ ನೌಕರಿ, ನನ್ನ ಗಂಡನ ಎರಡು ಅಂಕಣದ ಮನೆ, ಎಲ್ಲ ನಿಂತಿದ್ದದ್ದು ಆ ಕೂಗಿನ ಮೇಲೆ; ಕಚೇರಿಯವಳೆಂದು ನನ್ನನ್ನು ಇನ್ನೂ ಮರಿಗೆಗೆ ಇಳಿಸಿರಲಿಲ್ಲ.

"ಮತ್ತ ಆಮ್ಯಾಲ ಹಿಡೀತಲ್ಲ ಆಯಿ? ಮೂವತ್ತು ವರ್ಷ ನನ್ನ ಕಾಲು ಕೆಂಪಗ ಇದ್ವಲ್ಲ?"

"ಹಿಡೀತು. ಊರು ನಿನ್ನ ಹೆಸರು ಹಿಡದು ಕರೀತು, ಮಣ್ಣು ಹಿಡೀತು. ಮೊದಲು ಕೂಗು, ಆಮ್ಯಾಲ ಮಣ್ಣು. ನೀ ಒಬ್ಬಾಕಿನೇ ಅಂತ ತಿಳದಿಯೇನು? ಅರ್ಧಾ ಊರಿಗೆ ಹಂಗನ ಕೂಗೀನಿ." ಅವಳು ರೊಟ್ಟಿಯ ಚೂರನ್ನು ಸೆರಗಿಗೆ ಕಟ್ಟಿಕೊಂಡಳು. "ಇವ್ರು ಅದನ್ನ ಅಳತಿಗೋಲು ಮಾಡ್ಕೊಂಡ್ರು. ನಾ ಅಳತಿ ಮಾಡಾಕ ಕೂಗ್ತಿದ್ದಿಲ್ಲವ್ವ. ಕರಕೊಳ್ಳಾಕ ಕೂಗ್ತಿದ್ದೆ."

"ಯಾರ ಮುಂದೂ ಹೇಳಬ್ಯಾಡ ಆಯಿ," ಅಂದೆ. ನನ್ನ ಬಾಯಿಂದ ಬಂದ ಮಾತು ಅದು. ತಗಡಿನಡಿ ಕೂತವಳು ಅವಳು, ಹೆದರಿದವಳು ನಾನು.

"ಹೆಬ್ಬೆಟ್ಟು ಎಲ್ಲಿ ಒತ್ತಬೇಕು ತೋರಿಸು," ಅಂದಳು.

ಎರಡನೆಯ ಪರೀಕ್ಷೆಗೆ ಗುರುವಾರ ಗೊತ್ತಾಯಿತು. ಅದೇ ಗುರುವಾರ ಕಂಪನಿಯ ಧಣಿಯೂ ಮರಿಗೆಗೆ ಇಳಿಯುತ್ತಾನೆಂದು ಸುದ್ದಿ ಹಬ್ಬಿತು. ಇಷ್ಟು ದಿನ ಸರಕಾರದ ಹೆಸರಿನ ನೆಲವನ್ನು ಕಡಿಯುತ್ತಿದ್ದ ಕಂಪನಿ ಈ ಗುಂಡಿಯನ್ನು ತನ್ನ ಹೆಸರಿಗೇ ಕೇಳಿತ್ತು. ಕಾನೂನು ಬದಲಿಸಲು ರಾಜಧಾನಿಯಲ್ಲಿ ಧೈರ್ಯ ಸಾಲಲಿಲ್ಲ, ಚುನಾವಣೆ ಹತ್ತಿರವಿತ್ತು. ಮಣ್ಣು ಹಿಡಿದವರಿಗೆ ಮಾತ್ರ ನೆಲ. ಗುಂಡಿ ಬೇಕಾದರೆ ಧಣಿಯೇ ಬಂದು ಕಾಲಿಡಲಿ ಎಂದಿದ್ದರು. ಇದನ್ನು ಕೇಳಿ ಊರಿಗೆ ಎಷ್ಟೋ ದಿನದ ಮೇಲೆ ಜೀವ ಬಂದ ಹಾಗಾಯಿತು. ಧಣಿಯ ಕಾಲಿನಿಂದ ಮಣ್ಣು ಉದುರುವುದನ್ನು ನೋಡಲು ಬಿಲ್ಲೆಯವರು, ಬಿಲ್ಲೆಯಿಲ್ಲದವರು ಎಲ್ಲ ಬೆಳಿಗ್ಗೆಯೇ ಚಾವಡಿ ತುಂಬಿದರು. ಲಾಲಸಾಬ ಕಿಟಕಿಯ ಸರಳು ಹಿಡಿದು ನಿಂತಿದ್ದ. "ಬಾಳವ್ವ, ಕಸಬರಿಗಿ ತಯಾರ ಇಟ್ಕೋ. ಉದರಿದ್ದು ಬಳೀಬೇಕಾಗ್ತೈತಿ!"

ಧಣಿಗೆ ಇಪ್ಪತ್ತಾರು ವರ್ಷವಿರಬಹುದು. ದುಷ್ಟನ ಮುಖವಲ್ಲ ಅದು, ಪರೀಕ್ಷೆಗೆ ಕೂತ ಹುಡುಗನ ಮುಖ. ಬೂಟು ಬಿಚ್ಚಿ, ಕಾಲುಚೀಲ ಮಡಿಸಿ ಬೂಟಿನೊಳಗಿಟ್ಟ. ನಾದಿದ ಹಿಟ್ಟಿನಂಥ ಕಾಲು. ನಾನು ಹೊಸ ಪ್ಯಾಕೆಟ್ಟು ಒಡೆದು ಕಲಸಿದೆ. ಅವನು ಇಳಿದ, ನಿಂತ, ಮೇಲೆ ಬಂದ. ನಾಲ್ಕು ಹೆಜ್ಜೆ ನಡೆಯಿರಿ ಎಂದು ಅಂಬಾದಾಸ ಸಾಹೇಬರು ಕೈಸನ್ನೆ ಮಾಡಿದರು. ನಾಲ್ಕು ಹೆಜ್ಜೆ ನಡೆದ. ಎಂಟು ನಡೆದ. ಗೋಡೆ ಮುಟ್ಟಿ ತಿರುಗಿ ಬಂದ.

ಒಂದು ಹಕ್ಕಳೆಯೂ ಬೀಳಲಿಲ್ಲ.

ನಾನು ಮೊಳಕಾಲೂರಿ ಅವನ ಅಂಗಾಲನ್ನು ನೀರಿನಲ್ಲಿ ಉಜ್ಜಿದೆ. ಉಗುರಿನಿಂದ ಕೆರೆದೆ. ಕೆಂಪು ಹೋಗಲಿಲ್ಲ. ಅವನು ಅಚ್ಚರಿಯಿಂದ ತನ್ನ ಕಾಲನ್ನೇ ನೋಡಿಕೊಳ್ಳುತ್ತ ತನ್ನ ಭಾಷೆಯಲ್ಲಿ ಏನೋ ಅಂದ. ಸಾಹೇಬರು ಅದನ್ನು ನಮಗೆ ತಿರುಗಿಸಿ ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. "ತಾವು ಹುಟ್ಟಿದ ಊರಿನ ನೆಲವೂ ಇದೇ ಬಣ್ಣ ಅಂತಾರ. ಅಲ್ಲಿ ಮೊದಲು ಬರೇ ಸಮುದ್ರ ಇತ್ತಂತ. ಎಲ್ಲಿಂದಲೋ ಮಣ್ಣು ತಂದು ತುಂಬಿ ದ್ವೀಪ ಮಾಡಿದ್ರಂತ. ಸಣ್ಣವರಿದ್ದಾಗ ಅದರಾಗ ಬರಿಗಾಲಿಲೆ ಆಡ್ತಿದ್ರಂತ. ಪ್ಯಾಕೆಟ್ಟೂ ಅಲ್ಲಿಂದನ ಬರ್ತಾವಂತ."

ಎಲ್ಲರೂ ಗುಡ್ಡವಿದ್ದ ಕಡೆ ತಿರುಗಿದರು. ಅಲ್ಲಿ ಬರಿ ಆಕಾಶವಿತ್ತು. ಲಾಲಸಾಬನೇ ಮೊದಲು ಮಾತಾಡಿದ. ಈ ಸಲ ನಗಲಿಲ್ಲ. "ನಮ್ಮ ಗುಡ್ಡ ಅಲ್ಲಿ ಹೋಗಿ ಮಕ್ಕಳನ್ನ ಹಡದೈತೋ ಯಪ್ಪಾ."

"ಕೂಗು ಬಾಳವ್ವ," ಎಂದರು ಸಾಹೇಬರು.

ಹಿಡಿದದ್ದಂತೂ ನಿಜ, ಕಣ್ಣಾರೆ ಕಂಡಿದ್ದೆ. ಕೂಗಿದೆ. ಹಿಡೀತು. ಹಿಡೀತು. ಹಿಡೀತು. ನನ್ನ ದನಿ ಗೋಡೆಗೆ ಬಡಿದು ತಿರುಗಿ ನನಗೇ ಬಡಿಯಿತು. ಸಾಹೇಬರು ಎದ್ದು ಧಣಿಯ ಎರಡೂ ಕೈ ಹಿಡಿದು, "ಇನ್ನು ತಾವು ನಮ್ಮವರೇ," ಎಂದರು. ಪೊಲೀಸರು ಸಲಾಮು ಹೊಡೆದರು. ಆ ಪೊಲೀಸರಲ್ಲಿ ಒಬ್ಬನ ತಾಯಿ ತಗಡಿನ ಸಾಲಿನಲ್ಲಿದ್ದಳು.

ಧಣಿಯ ಕಾಗದದ ಕೆಳಗೇ ಇನ್ನೊಂದು ಕಾಗದ ತಯಾರಿತ್ತು. ಗುಂಡಿಯ ಕಾಗದ. ಅದಕ್ಕೆ ಬೇಕಾದದ್ದು ನೀಲಗಂಗವ್ವನ ಮೇಲಿನ ಕಡೆಯ ಕೂಗೊಂದೇ. ಅವಳನ್ನು ಕರೆತಂದರು. ಮರಿಗೆಯಲ್ಲಿ ಧಣಿ ತುಳಿದ ಕೆಸರೇ ಇತ್ತು.

"ಸಾಹೇಬ್ರ," ಎಂದಳು ಅವಳು, "ನನ್ನ ಗುಂಡಿ ಇಲ್ಲಿಂದ ನೂರು ಹೆಜ್ಜಿ. ಬರ್ರಿ, ಅಲ್ಲಿ ಇಳೀತೀನಿ. ಹಿಡೀತೈತೋ ಇಲ್ಲೋ ನೋಡ್ರಿ."

"ಅದು ಅಧಿಕೃತ ಮಣ್ಣಲ್ಲಮ್ಮ."

"ಮತ್ತ ಆ ಅಧಿಕೃತ ಅಲ್ಲದ್ದು ನಿಮಗ್ಯಾಕ ಬೇಕು?"

ಗುಂಪಿನಲ್ಲಿ ಯಾರೋ ಸೀಟಿ ಹೊಡೆದರು. ಸಾಹೇಬರ ಕಿವಿ ಕೆಂಪಾಯಿತು. "ಇಳಿ," ಎಂದರು.

ಅವಳು ಇಳಿದಳು. ಕೈಯಾಸರೆಗೆ ನನ್ನ ಭುಜ ಹಿಡಿದಳು. ಮೇಲೆ ಬಂದಳು. ಬಿಸಿಲಿಗೆ ಒಣಗಿದ ಸುಣ್ಣದ ಹಾಗೆ ಮಣ್ಣು ಚಟಚಟ ಉದುರಿತು. ಬಿರುಕು ಬಿಟ್ಟ ಅಂಗಾಲು ಹಾಗೇ ಬರಿದಾಗಿ ಉಳಿಯಿತು.

"ಬಿಡ್ತು," ಎಂದು ಕೂಗಿದೆ. ಬಾಯಿಗೆ ರೂಢಿಯಾಗಿತ್ತು.

ಅವಳು ಭುಜದ ಮೇಲಿನ ಕೈ ತೆಗೆಯಲಿಲ್ಲ.

"ಬಿಡ್ತು," ಎಂದು ಮತ್ತೆ ಕೂಗಿದೆ.

ಸಾಹೇಬರು ಗುಂಡಿಯ ಕಾಗದಕ್ಕೆ ಒತ್ತುವ ಮೊಹರನ್ನು ಶಾಯಿಯ ಮೆತ್ತೆಗೆ ಒತ್ತಿ ಎತ್ತಿ ಹಿಡಿದು ಕಾದರು. ನನ್ನ ಬಾಯಿ ಮುಚ್ಚಿಕೊಂಡಿತು. ಮುಚ್ಚಿದ್ದು ನಾನೇ ಎಂದು ತಿಳಿಯಲು ನನಗೂ ಒಂದು ಕ್ಷಣ ಬೇಕಾಯಿತು.

"ಬಾಳವ್ವ, ಮೂರನೇದು."

ನಾನು ನೆಲಕ್ಕೆ ಉದುರಿದ ಮಣ್ಣನ್ನೇ ನೋಡುತ್ತ ನಿಂತೆ.

"ಗಂಟಲಾಗೇನರ ಸಿಕ್ಕೈತೇನು? ನೀರು ಕೊಡ್ರೋ ಆಕಿಗೆ."

ಪೊಲೀಸಿನವನು ಲೋಟ ತಂದ. ಕುಡಿದೆ. ಲೋಟ ಕೆಳಗಿಟ್ಟೆ. "ಗಂಟಲು ನೆಟ್ಟಗೈತ್ರಿ," ಅಂದೆ.

ಸಾಹೇಬರು ಮೇಜಿನ ಸುತ್ತ ಬಂದು ನನ್ನ ಹತ್ತಿರ ನಿಂತರು. ಧಣಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದರು. ಅವನಿಗೆ ನಮ್ಮ ಮಾತು ತಿಳಿಯುವುದಿಲ್ಲ ಎಂಬುದನ್ನೂ ಮರೆತಿದ್ದರು. "ಹುಚ್ಚಾಟ ಮಾಡಬ್ಯಾಡ. ನೀನೂ ಹೊರಗಿನಿಂದ ಬಂದಾಕಿ ಅನ್ನೂದು ನಂಗೊತ್ತೈತಿ. ನಿನ್ನ ಕಾಗದಾನೂ ಹೊರಗ ತಗೀಲೇನು? ಇದೇ ಮರಿಗ್ಯಾಗ ನಿನ್ನನ್ನ ಇಳಿಸ್ತೀನಿ."

"ಇಳಿಸ್ರಿ. ನಂಗೂ ಹಿಡಿಯಾಂಗಿಲ್ಲ. ಆದ್ರ ಅದನ್ನ ಕೂಗಾಕ ಯಾರನ್ನ ಕರೀತೀರಿ?"

ಕಿಟಕಿಯ ಹತ್ತಿರ ಜನ ಒತ್ತೊತ್ತಿ ಬಂದರು. ಸರಳುಗಳು ಕಿರ್ರೆಂದವು. ಬಾಗಿಲಲ್ಲಿ ಲಾಠಿ ಅಡ್ಡ ಹಿಡಿದಿದ್ದ ಪೊಲೀಸಿನವನು, ತಾಯಿಯನ್ನು ತಗಡಿಗೆ ಕಳಿಸಿದವನು, ಲಾಠಿಯನ್ನು ಮೇಲೆತ್ತಲೂ ಇಲ್ಲ, ಕೆಳಗಿಳಿಸಲೂ ಇಲ್ಲ. ಧಣಿ ಕಾಲುಚೀಲವನ್ನು ಕೈಯಲ್ಲಿ ಹಿಡಿದು, ಕೆಂಪು ಕಾಲಿನಲ್ಲಿ ಎದ್ದು ನಿಂತು, ಏನಾಗುತ್ತಿದೆ ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದ. ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಮೊಹರಿನ ಶಾಯಿ ಒಣಗುತ್ತಿತ್ತು. ಸಾಹೇಬರು ಅದನ್ನು ಇನ್ನೊಮ್ಮೆ ಮೆತ್ತೆಗೆ ಒತ್ತಿದರು.

"ಕಡೀ ಸಲ ಹೇಳ್ತೀನಿ ಬಾಳವ್ವ. ಸರಕಾರದ ಆಜ್ಞಾ ಇದು. ಕೂಗು."

ನೀಲಗಂಗವ್ವನ ಕೈ ಇನ್ನೂ ನನ್ನ ಭುಜದ ಮೇಲೆ ಭಾರವಾಗಿ ಕೂತಿತ್ತು. ನಾನು ಚಾವಡಿಗೆಲ್ಲ, ಹೊರಗಿನ ಓಣಿಗೆಲ್ಲ ಕೇಳುವ ಹಾಗೆ ದನಿ ಎತ್ತಿದೆ.

"ಕೂಗೂದಿಲ್ರಿ."